ಖಂಡಿತ ಅಂದವನು ನಾನು

ಆ ಧ್ವನಿ ಇಂದುಮತಿ ಮೇಡಂ ಅವರದಲ್ಲ. ನನ್ನದು.

ನಾಲ್ಕು ಮಳೆಗಾಲದ ಹಿಂದೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮೊಬೈಲುಗಳಲ್ಲಿ ಓಡಾಡಿದ ಒಂದು ಸಣ್ಣ ಆಡಿಯೋ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ‘ನೋಡಿ... ಗುರುವಾರದಿಂದ ನಾಲ್ಕು ದಿನ ಹೊಳವು. ಖಂಡಿತ. ಧೈರ್ಯವಾಗಿ ಕೆಲಸ ಹಚ್ಕೊಳ್ಳಿ.’ ‘ನೋಡಿ’ ಆದ ಮೇಲೆ ಒಂದು ಸಣ್ಣ ಕೆಮ್ಮು. ಹಿಂದೆ ಫ್ಯಾನಿನ ಸದ್ದು. ಕೆಮ್ಮೂ ನನ್ನದೇ. ಫ್ಯಾನು ಮಾತ್ರ ನಮ್ಮ ಬಾಡಿಗೆ ರೂಮಿನ ಓನರದ್ದು.

ಇದನ್ನೂ ರೆಕಾರ್ಡ್ ಮಾಡಿ ಕಳಿಸಬಹುದಿತ್ತು. ನನ್ನ ಬಾಯಿ ಓಡಿದಷ್ಟು ಕೈ ಓಡುವುದಿಲ್ಲ. ಆದರೆ ನನ್ನ ಗಂಟಲಿನಿಂದ ಬಂದದ್ದನ್ನು ಇನ್ನು ನೀವು ಯಾಕಾದರೂ ನಂಬಬೇಕು? ಆದ್ದರಿಂದ ಬರೆಯುತ್ತಿದ್ದೇನೆ. ಬರವಣಿಗೆಯಲ್ಲಿ ನನಗೆ ಇನ್ನೊಬ್ಬರ ಹಾಗೆ ಮಾಡಲು ಬರುವುದಿಲ್ಲ — ಅದೊಂದೇ ಇದರ ಯೋಗ್ಯತೆ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಚೇತನ. ಹೊಸನಗರದವನು. ಆಗ ಇಪ್ಪತ್ತೆರಡು ವರ್ಷ, ಬಿ.ಎಸ್ಸಿ.ಯಲ್ಲಿ ಒಂದು ವಿಷಯ ಬಾಕಿ, ಬೈಕು, ಕಾರಿನ ಲೈಸೆನ್ಸು ಮಾತ್ರ ಚುಕ್ತಾ. ನನಗೆ ದೇವರು ಕೊಟ್ಟ ಒಂದೇ ಬಂಡವಾಳ ಮಿಮಿಕ್ರಿ. ಸೊಸೈಟಿ ಸೆಕ್ರೆಟರಿ ಸಭೆಯಲ್ಲಿ ‘ಮಾನ್ಯರೇ’ ಅನ್ನುವ ಮೊದಲು ಮೂಗೆಳೆಯುವುದು, ನಮ್ಮಮ್ಮ ಅಪ್ಪನನ್ನು ಬೈಯುತ್ತಿರುವಾಗ ಫೋನು ಬಂದರೆ ತಟ್ಟನೆ ತೆಗೆಯುವ ಜೇನಿನಂಥ ‘ಹಲೋ’, ಘಾಟಿಯಲ್ಲಿ ಗೇರು ಬೀಳದ ಸರ್ಕಾರಿ ಬಸ್ಸು — ಯಾವುದನ್ನು ಕೇಳಿದರೂ ಎರಡು ದಿನದಲ್ಲಿ ಗಂಟಲಿಗೆ ಇಳಿಯುತ್ತಿತ್ತು. ಅಜ್ಜ ತೀರಿಕೊಂಡ ಹನ್ನೆರಡನೇ ದಿನ ಅಜ್ಜನ ಧ್ವನಿಯಲ್ಲಿ ‘ಪಾಯಸ ಬಡಿಸ್ರೋ’ ಅಂದು ಚಿಕ್ಕಪ್ಪನ ಕೈಯಲ್ಲಿ ಏಟು ತಿಂದವನು ನಾನು. ಆ ಏಟು ಸಾಲಲಿಲ್ಲ ಅಂತ ಈಗ ಅನ್ನಿಸುತ್ತದೆ.

ಇಂದುಮತಿ ಮೇಡಂ ಸಾಗರದ ಹುಡುಗಿಯಾಗಿ ಶುರುವಾಗಿ ಮೋಡದ ವಿಜ್ಞಾನಿಯಾದವರು. ಭೂಮಧ್ಯರೇಖೆಯ ಆಚೀಚೆ ಮೋಡಗಳು ಹೇಗೆ ಗುಂಪು ಕಟ್ಟುತ್ತವೆ, ಯಾವಾಗ ನಮ್ಮ ಕಡೆ ಏರಿ ಬರುತ್ತವೆ, ಯಾಕೆ ನಡುವೆ ಬೆನ್ನು ತಿರುಗಿಸುತ್ತವೆ — ಅದನ್ನೇ ಓದುತ್ತ ಮೂವತ್ತು ವರ್ಷ ಕಳೆದವರು. ಬಂಗಾಳ ಕೊಲ್ಲಿಯಲ್ಲಿ ಹಡಗಿನ ಮೇಲೆ ವಾರಗಟ್ಟಲೆ ವಾಂತಿ ಮಾಡುತ್ತ ಬಲೂನು ಹಾರಿಸಿದ್ದಾರೆ. ದೊಡ್ಡ ಕಂಪ್ಯೂಟರುಗಳಲ್ಲಿ ಮುಂಗಾರನ್ನು ಮತ್ತೆ ಮತ್ತೆ ಸುರಿಸಿ ನೋಡಿದ್ದಾರೆ. ‘ಕಂಪ್ಯೂಟರಿನಲ್ಲಿ ಮಳೆ ಬಂದ್ರೆ ಒಂದು ಅನುಕೂಲ ಚೇತನ್, ಬಟ್ಟೆ ಒದ್ದೆ ಆಗಲ್ಲ’ ಅನ್ನುತ್ತಿದ್ದರು. ಆಮೇಲೆ, ಕೆಲಸದ ಕೊನೆಯ ವರ್ಷಗಳಲ್ಲಿ, ಬಟ್ಟೆ ಒದ್ದೆ ಮಾಡಿಕೊಳ್ಳಲು ಊರಿಗೆ ಬಂದರು.

ಅವರಿಗೆ ಬೇಕಿದ್ದದ್ದು ಮಳೆಯಲ್ಲ, ಹೊಳವು. ಎರಡು ಮಳೆಯ ನಡುವೆ ಆಕಾಶ ಉಸಿರು ಬಿಡುತ್ತದಲ್ಲ, ಆ ಬಿಡುವಿಗೆ ನಮ್ಮ ಕಡೆ ಹೊಳವು ಅನ್ನುತ್ತೇವೆ. ಆ ಬಿಡುವುಗಳು ಹಿಂದಿನ ಹಾಗೇ ಇವೆಯೋ ಬದಲಾಗುತ್ತಿವೆಯೋ — ಇದು ಅವರ ಪ್ರಶ್ನೆ. ಉಪಗ್ರಹ ಮೇಲಿನಿಂದ ಮೋಡ ನೋಡುತ್ತದೆ. ಆದರೆ ಘಟ್ಟದ ಅಂಚಿನ ಒಂದು ಹಳ್ಳಿಯಲ್ಲಿ ಸುರಿದ ಮಳೆ ಇಪ್ಪತ್ತು ಮೈಲಿ ಆಚೆ ಸಾಗರದಲ್ಲಿ ಸುರಿಯುವುದಿಲ್ಲ. ‘ಮೋಡಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ, ಆದರೆ ಗುಡ್ಡ ಗೊತ್ತು’ — ಇದು ಅವರ ಮಾತು. ಹಾಗಾಗಿ ಶಾಲೆ, ಸೊಸೈಟಿ, ಮನೆಯಂಗಳಗಳಲ್ಲಿ ಮಳೆಮಾಪಕ ಇಟ್ಟರು. ಬೆಳಗ್ಗೆ ಎಂಟೂವರೆಗೆ ನೀರು ಅಳೆದು ಪುಸ್ತಕದಲ್ಲಿ ಬರೆಯಬೇಕು. ತಪ್ಪು ಅಂಕಿ ಬರೆದರೆ ಅಳಿಸುವ ಹಾಗಿಲ್ಲ — ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಬೇಕು. ಮೂರು ತಾಲ್ಲೂಕು ಬೈಕಿನಲ್ಲಿ ಸುತ್ತಿ ಆ ಪುಸ್ತಕಗಳ ಫೋಟೋ ತೆಗೆಯುವುದು, ಮೇಡಂ ಬಂದಾಗ ಕಾರು ಓಡಿಸುವುದು ನನ್ನ ಕೆಲಸ.

ಜನ ಅವರನ್ನು ಕೇಳುತ್ತಿದ್ದದ್ದು ಮಾತ್ರ ಒಂದೇ. ‘ಮೇಡಮ್ಮ, ನಾಳೆ ಮಳೆ ಬತ್ತದಾ?’ ಮೇಡಂ ‘ನೋಡಿ’ ಅನ್ನುವರು. ಕೆಮ್ಮುವರು. ಆಮೇಲೆ ‘ಸಾಧ್ಯತೆ ಇದೆ’, ಇಲ್ಲವೇ ‘ಸಾಧ್ಯತೆ ಕಡಿಮೆ’. ಇದಕ್ಕಿಂತ ಒಂದು ಗೇಣು ಮುಂದೆ ಹೋಗುತ್ತಿರಲಿಲ್ಲ. ‘ನಾಳೆ ಸೂರ್ಯ ಹುಟ್ತಾನಾ ಮೇಡಂ?’ ಅಂತ ನಾನೊಮ್ಮೆ ಕೇಳಿದ್ದಕ್ಕೆ, ‘ಸಾಧ್ಯತೆ ಹೆಚ್ಚು. ಮೋಡ ಇದ್ರೆ ನಿನಗೆ ಕಾಣಲ್ಲ ಅಷ್ಟೆ’ ಅಂದಿದ್ದರು.

ಇಂಥವರ ಬಾಯಲ್ಲಿ ‘ಖಂಡಿತ’ ಹಾಕಿದರೆ ಹೇಗಿರುತ್ತದೆ? — ನನ್ನ ತಲೆಗೆ ಬಂದ ತಮಾಷೆ ಇಷ್ಟೇ.

ಆ ವಾರ ಸಾಗರದಲ್ಲಿ ಒಂದು ಸಭೆ ಮುಗಿಸಿ ಬರುವಾಗ ಅವರು ಫೋನಿನಲ್ಲಿ ಯಾರಿಗೋ ಹೇಳಿದ್ದು ಕೇಳಿಸಿಕೊಂಡಿದ್ದೆ — ‘ಗುರುವಾರದ ಹೊತ್ತಿಗೆ ಮಳೆ ಸ್ವಲ್ಪ ಕಡಿಮೆಯಾಗುವ ಸಾಧ್ಯತೆ ಇದೆ, ಘಟ್ಟದ ಅಂಚಿನಲ್ಲಿ ಮಾತ್ರ ಹೇಳಕ್ಕಾಗಲ್ಲ.’ ಆ ವಾಕ್ಯದಿಂದ ‘ಸ್ವಲ್ಪ’ ತೆಗೆದೆ. ‘ಸಾಧ್ಯತೆ’ ತೆಗೆದೆ. ಘಟ್ಟದ ಅಂಚನ್ನು ಪೂರ್ತಿ ತೆಗೆದೆ. ಉಳಿದದ್ದಕ್ಕೆ ‘ಖಂಡಿತ’ ಸೇರಿಸಿ, ಫ್ಯಾನು ಹಾಕಿ, ಮೂರನೇ ಸಲಕ್ಕೆ ಸರಿಯಾಗಿ ಬಂತು. ಅವರ ಧ್ವನಿ ಮಾಡುವಾಗ ನಾಲಿಗೆಯನ್ನು ಕೆಳಹಲ್ಲಿಗೆ ಒತ್ತಿ, ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿಸಬೇಕು — ನೋಡಿ, ಈಗಲೂ ಹೇಗೆ ಜಂಬದಿಂದ ವಿವರಿಸುತ್ತಿದ್ದೇನೆ.

ಮೊಬೈಲಿನಲ್ಲಿ ನಮ್ಮದು ಮೂವರು ಹುಡುಗರ ಗುಂಪಿತ್ತು, ಎಲ್ಲ ಮಳೆ ಪುಸ್ತಕ ಸಂಗ್ರಹಿಸುವವರೇ. ಗುಂಪಿಗೆ ‘ಮಿಲ್ಲಿಮೀಟರ್ ಮಿತ್ರರು’ ಅಂತ ಹೆಸರು. ಅದಕ್ಕೆ ಹಾಕಿದೆ. ಸಾಗರದ ಗಣಪತಿ ತಕ್ಷಣ ಫೋನು ಮಾಡಿದ. ‘ಎಂತದಾ ಇದು, ಥೇಟ್ ಮೇಡಂ ಮಾತಾಡ್ದಾಂಗೇ ಇದ್ದಲ! ಆನು ಒಂದ್ಸಲ ಎದ್ದು ನಿಂತ್ಗಂಡಿ ಮಾರಾಯಾ.’ ನನಗೆ ಅಷ್ಟು ಸಾಕಾಗಿತ್ತು. ಗಣಪತಿಗೆ ಸಾಕಾಗಲಿಲ್ಲ. ಅವನು ನಗಿಸಲೆಂದು ತನ್ನ ಮನೆಯವರ ಗುಂಪಿಗೆ ಕಳಿಸಿದ. ನಮ್ಮ ಗುಂಪಿನಲ್ಲಿ ಅದು ನಗೆಯಾಗಿತ್ತು, ಯಾಕೆಂದರೆ ಮೇಡಂ ಹೀಗೆ ಹೇಳುವವರಲ್ಲ ಅಂತ ನಮಗೆ ಗೊತ್ತಿತ್ತು. ಆಚೆ ಹೋದವರಿಗೆ ಅದು ಗೊತ್ತಿರಲಿಲ್ಲ. ತಮಾಷೆ ದಾರಿಯಲ್ಲೇ ಎಲ್ಲೋ ಉದುರಿಹೋಯಿತು. ಮಾತು ಮಾತ್ರ ಮುಂದೆ ಹೋಯಿತು.

ಇಲ್ಲಿಯವರೆಗಿನದು ಹುಡುಗಾಟ. ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಬುಧವಾರ ಸಂಜೆ ಹೊಸನಗರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ನಾಲ್ಕು ಜನ ಒಂದು ಫೋನಿನ ಮೇಲೆ ಬಗ್ಗಿದ್ದರು. ‘ನೋಡಿ...’ ಕೆಮ್ಮು. ‘ಖಂಡಿತ.’ ಒಬ್ಬ ಅಂದ: ‘ಆ ಅಮ್ಮ ಖಂಡಿತ ಅಂದ್ರು ಅಂದ್ರೆ ಮುಗೀತು. ಸುಮ್ಸುಮ್ನೆ ಅನ್ನೋರಲ್ಲ ಅವ್ರು.’

ಆಗ ಎದ್ದು ಹೇಳಬಹುದಿತ್ತು. ‘ಅಣ್ಣ, ಅದು ನಾನು’ — ಮೂರೇ ಮಾತು. ಹೇಳಿದ್ದರೆ ನಾಲ್ಕು ಬೈಗುಳ, ಒಂದು ನಗು, ಅಷ್ಟೇ ಆಗುತ್ತಿತ್ತು. ಆದರೆ ನನಗೆ ಏನಾಯಿತು ಗೊತ್ತೇ? — ಖುಷಿಯಾಯಿತು. ಮಿಮಿಕ್ರಿಯವನಿಗೆ ಚಪ್ಪಾಳೆಗಿಂತ ದೊಡ್ಡದು ಇದು: ಯಾರಿಗೂ ಗೊತ್ತಾಗದಿರುವುದು. ಗ್ಲಾಸಿನ ಮರೆಯಲ್ಲಿ ನಗುತ್ತ ಇನ್ನೊಂದು ಚಹಾ ಹೇಳಿದೆ.

ಗುರುವಾರ ಬಂತು. ಸಾಗರದಲ್ಲಿ ಬಿಸಿಲು. ಹೊಸನಗರದಲ್ಲಿ ಮೋಡ, ಮಳೆಯಿಲ್ಲ. ನನ್ನ ಸುಳ್ಳು ಮುಕ್ಕಾಲು ಭಾಗ ನಿಜವಾಗಿ ಕೂತಿತು. ಉಳಿದ ಕಾಲು ಭಾಗದಲ್ಲಿ ನಾಗೇಶಗೌಡ ಮೇಷ್ಟ್ರ ಮನೆ ಇತ್ತು.

ಮೇಷ್ಟ್ರು ಕವಲೇದುರ್ಗದ ಕೆಳಗಿನ ಹಳ್ಳಿಯವರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಯಾವ ಯೋಜನೆ, ಯಾವ ವಿಜ್ಞಾನಿಯೂ ಇಲ್ಲದ ಕಾಲದಿಂದ, ಬರೀ ಕುತೂಹಲಕ್ಕೆ, ಮನೆ ಮುಂದೆ ಮಳೆ ಅಳೆದು ಬರೆದಿಟ್ಟಿದ್ದರು — ಇಪ್ಪತ್ತೊಂಬತ್ತು ವರ್ಷ, ಒಂದು ದಿನವೂ ಬಿಡದೆ. ಮಗಳ ಮದುವೆಯ ದಿನವೂ ಪಂಚೆ ಎತ್ತಿ ಕಟ್ಟಿ ಅಳೆದಿದ್ದಾರೆ. ಘಟ್ಟದ ಅಂಚಿನಲ್ಲಿ, ಅಷ್ಟು ವರ್ಷದ, ಒಂದೇ ಕೈಯ ಅಕ್ಷರದ ಲೆಕ್ಕ — ಮೇಡಂ ಮೊದಲ ಸಲ ನೋಡಿದಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದರು. ಅವರು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದ ಹೊಳವುಗಳೆಲ್ಲ ಅಲ್ಲಿ ಸೊನ್ನೆ ಸೊನ್ನೆಯಾಗಿ ಕೂತಿದ್ದವು. ಅಷ್ಟನ್ನೂ ನೋಡದೆ, ಮುಂಗಾರಿನ ಬಗ್ಗೆ ತಾವು ಬರೆಯುತ್ತಿರುವ ಕೊನೆಯ ಪುಸ್ತಕ ಮುಗಿಸುವುದಿಲ್ಲ ಅಂದಿದ್ದರು. ಆದರೆ ಮೇಷ್ಟ್ರು ಪುಸ್ತಕ ಮನೆಯಿಂದ ಹೊರಗೆ ಕೊಡರು. ‘ಬಂದು ನೋಡ್ಕಳಿ, ಬರ್ಕಳಿ, ಕಾಫಿ ಕುಡೀರಿ. ತಗಂಡು ಹೋಗಂಗಿಲ್ಲ.’ ಮೊದಲ ಭೇಟಿಯಲ್ಲಿ ಕೆಲವು ವರ್ಷಗಳ ಫೋಟೋ ತೆಗೆದೆವು. ಉಳಿದದ್ದು ಮಳೆಗಾಲ ಮುಗಿದ ಮೇಲೆ ಅಂತಾಗಿತ್ತು.

ಅವರ ಮನೆ ಹೆಂಚನ್ನು ಮಂಗಗಳು ಒಡೆದಿದ್ದವು. ಅಟ್ಟದ ಮೂಲೆ ಸೋರುತ್ತಿತ್ತು. ಅದೇ ಅಟ್ಟದಲ್ಲಿ ಮಳೆ ಪುಸ್ತಕದ ಪೆಟ್ಟಿಗೆ. ಮೇಷ್ಟ್ರು ಒಂದು ಹೊಳವಿಗೆ ಕಾಯುತ್ತಿದ್ದರು — ಆ ಪುಸ್ತಕಗಳು ಒದ್ದೆಯಾಗಬಾರದು ಅಂತ. ಬುಧವಾರ ಅವರ ಫೋನಿಗೆ ನನ್ನ ಆಡಿಯೋ ಬಂತು.

ಗುರುವಾರ ಬೆಳಗ್ಗೆ ಬಿಸಿಲು ನೋಡಿ ಆಳು ಕರೆಸಿ ಅಟ್ಟದ ಮೇಲಿನ ಹೆಂಚು ಇಳಿಸಿದರು. ಲಡ್ಡು ಹಿಡಿದು ಪುಡಿಯಾಗುತ್ತಿದ್ದ ಮರದ ರೀಪು ಕಿತ್ತರು. ಮಧ್ಯಾಹ್ನ ಊಟಕ್ಕೆ ಕೂತಾಗ ದುರ್ಗದ ಆಚೆಯಿಂದ ಕಪ್ಪಾಯಿತಂತೆ. ಎದ್ದು ಕೈ ತೊಳೆಯುವಷ್ಟರಲ್ಲಿ ಸುರಿಯಿತಂತೆ. ಇದ್ದ ಒಂದು ಟಾರ್ಪಾಲನ್ನು ಅಕ್ಕಿ, ಹಾಸಿಗೆಯ ಮೇಲೆ ಹಾಕಿದರು. ಪುಸ್ತಕದ ಪೆಟ್ಟಿಗೆಗೆ ಮುಚ್ಚಳ ಇದೆಯಲ್ಲ ಅಂತ ಧೈರ್ಯ. ಮುಚ್ಚಳದ ಹಿಂಬದಿಯನ್ನು ಗೆದ್ದಲು ತಿಂದಿತ್ತು. ಒಳಗೆ ಮೊಣಕೈ ಮುಳುಗುವಷ್ಟು ನೀರು ನಿಂತದ್ದು ಗೊತ್ತಾದದ್ದು ಮಾರನೇ ದಿನ.

ಪುಸ್ತಕ ನೆನೆದ ಸುದ್ದಿ ಕೇಳಿ ಶನಿವಾರ ಮೇಡಂ, ನಾನು ಹೋದೆವು. ಇನ್ನೂ ಸುರಿಯುತ್ತಲೇ ಇತ್ತು. ಅಂಗಳದಿಂದ ಜಗುಲಿಯವರೆಗೆ ನಾನು ಮೇಡಂಗೆ ಕೊಡೆ ಹಿಡಿದೆ. ಒಳಗೆ ಒಲೆಯ ಮೇಲಿನ ಹಂದರದಲ್ಲಿ ಮೇಷ್ಟ್ರ ಹೆಂಡತಿ ಸರೋಜಮ್ಮ ಪುಸ್ತಕಗಳನ್ನು ಒಣಗಲು ಹರವಿದ್ದರು. ಮಸಿಯ ಪೆನ್ನಿನಲ್ಲಿ ಬರೆದದ್ದು. ಹಾಳೆಯೆಲ್ಲ ಒಂದೇ ನೀಲಿ. ಮೇಡಂ ಒಂದು ಪುಸ್ತಕ ಬಿಡಿಸಲು ನೋಡಿದರು — ಹಾಳೆ ಹಾಳೆಯಾಗಿ ಬರಲಿಲ್ಲ, ಮುದ್ದೆಯಾಗಿ ಬಂತು. ಅದನ್ನು ಮತ್ತೆ ಹಾಗೇ ಇಟ್ಟರು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ನಿಮ್ಮ ಮಾತು ಅಂತ ಬಿಚ್ಚಿಸ್ದೆ ಮೇಡಂ’ ಅಂದರು, ಫೋನು ತೆಗೆದು ಆಡಿಯೋ ಹಾಕಿದರು.

ಮೇಡಂ ಮೊದಲ ಸಲ ಕೇಳಿದರು. ಎರಡನೇ ಸಲ ಅವರೇ ಒತ್ತಿ ಕೇಳಿದರು. ನಾನು ನಿಂತಲ್ಲೇ ಒದ್ದೆ ಕೊಡೆಯನ್ನು ಮಡಿಸದೆ ಹಿಡಿದಿದ್ದೆ. ಈಗ ಗೊತ್ತಾಗುತ್ತದೆ, ಈಗ ಹೇಳುತ್ತಾರೆ ‘ಇದು ನಾನಲ್ಲ’ ಅಂತ, ಆಗ ಒಪ್ಪಿಕೊಳ್ಳುತ್ತೇನೆ — ಹಾಗಂತ ಕಾಯುತ್ತಿದ್ದೆ. ಅವರು ಹೇಳಲಿಲ್ಲ. ಅವರ ಮುಖದಲ್ಲಿ ನಾನು ಅದುವರೆಗೆ ನೋಡಿರದ ಒಂದು ಗಾಬರಿ ಬಂತು. ‘ನನ್ನದೇ ಧ್ವನಿ’ ಅಂದರು. ‘ಗುರುವಾರ ಕಡಿಮೆಯಾಗಬಹುದು ಅಂತ ಹೇಳಿದ್ದು ನಿಜ... ಖಂಡಿತ ಅಂದೆನಾ?’ ಆಮೇಲೆ ನನ್ನ ಕಡೆ ತಿರುಗಿ, ಮಗುವಿನ ಹಾಗೆ, ‘ಚೇತನ್, ನೀನೇ ಜೊತೆಗಿರ್ತೀಯಲ್ಲ, ಇದನ್ನ ನಾನು ಎಲ್ಲಿ ಹೇಳಿದೆ?’

ಅವರು ನನ್ನನ್ನೇ ಕೇಳಿದರು. ಆ ಮನೆಯಲ್ಲಿ ಉತ್ತರ ಗೊತ್ತಿದ್ದ ಒಬ್ಬನನ್ನೇ ಕೇಳಿದರು.

ನಾನು ಹೇಳಿದೆ — ‘ಸಾಗರದ ಸಭೆಯಲ್ಲಿ ಇರಬಹುದು ಮೇಡಂ.’

ಅದು ನನ್ನ ಸ್ವಂತ ಧ್ವನಿ. ಅದರಲ್ಲಿ ಯಾವ ಕಲೆಯೂ ಇರಲಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿದೆನೋ, ಮೇಷ್ಟ್ರಿಗೆ ಹೆದರಿದೆನೋ — ಈಗ ಏನು ಹೇಳಿದರೂ ಅದು ನೆಪ. ಆಡಿಯೋಗೆ ಒಂದು ಜಾಗ ಬೇಕಿತ್ತು, ನಾನು ಕೊಟ್ಟೆ. ಅವರು ತಲೆ ಆಡಿಸಿದರು. ‘ಇರಬಹುದು. ಬಹಳ ಜನ ಒಟ್ಟಿಗೆ ಕೇಳ್ತಿದ್ರು ಅವತ್ತು.’ ಇಲ್ಲದ ಒಂದು ನೆನಪನ್ನು ಅವರು ನನ್ನ ಕೈಯಿಂದ ತೆಗೆದುಕೊಂಡು ತಮ್ಮದು ಮಾಡಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಆಮೇಲೆ ಆ ನೆಲದ ಮೇಲೆ ಕೂತು ಮೇಷ್ಟ್ರಿಗೆ ಕೈ ಮುಗಿದರು. ‘ತಪ್ಪಾಯ್ತು. ಹಾಗೆ ಹೇಳೋ ಹಕ್ಕು ನನಗಿರಲಿಲ್ಲ.’ ಸರೋಜಮ್ಮ ‘ಅಯ್ಯೋ ಏಳಿ ಏಳಿ’ ಅನ್ನುತ್ತ ಓಡಿಬಂದರು.

ಅದಾದ ಮೇಲೆ ಅವರು ಮಳೆ ಅಳೆಯುವವರೆಲ್ಲರಿಗೂ ಒಂದು ಪತ್ರ ಬರೆದರು — ಆಧಾರವಿಲ್ಲದೆ ಒಂದು ಮಾತು ಹೇಳಿದೆ, ಅದರಿಂದ ಒಬ್ಬರ ಜೀವಮಾನದ ಕೆಲಸ ಹಾಳಾಯಿತು, ಕ್ಷಮಿಸಿ ಅಂತ. ಆ ಪತ್ರಗಳನ್ನು ಮನೆ ಮನೆಗೆ ಹಂಚಿದವನು ನಾನು. ಗಣಪತಿಗೂ ಗುಂಪಿನ ಇನ್ನೊಬ್ಬನಿಗೂ ‘ನಾನೇ ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ’ ಅಂದಿದ್ದೆ. ವರದಹಳ್ಳಿ ದಾರಿಯಲ್ಲಿ ಒಬ್ಬರು ಓದಿ, ‘ದೊಡ್ಡ ಮನುಷ್ಯರು ಕಣೋ, ಒಪ್ಕಂಡ್ರು ನೋಡು’ ಅಂದರು. ನಾನು ಹೌದು ಅಂದೆ.

ಮೇಡಂ ಸಭೆಗಳಲ್ಲಿ ಮಾತಾಡುವುದು ಬಿಟ್ಟರು. ಹೊರದೇಶದಲ್ಲಿ ಉಷ್ಣವಲಯದ ಹವಾಮಾನದ ಬಗ್ಗೆ ಒಂದು ಸಮ್ಮೇಳನಕ್ಕೆ ಮುಖ್ಯ ಭಾಷಣಕ್ಕೆ ಕರೆದರೆ, ಬರೆದು ಕಳಿಸುತ್ತೇನೆ, ಬೇರೆ ಯಾರಾದರೂ ಓದಲಿ ಅಂದರು. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ಯಾರಿಗೆ ಏನು ಹೇಳಿದೆ ಅಂತ ಬರೆಯತೊಡಗಿದರು — ಗ್ಯಾಸ್ ಸಿಲಿಂಡರಿಗೆ ಫೋನು ಮಾಡಿ ಹೇಳಿದ್ದನ್ನೂ. ಕಾರಿನಲ್ಲಿ ಹೋಗುವಾಗ ಮಾತು ನಡುವೆ ನಿಲ್ಲಿಸಿ ಕೇಳುವರು, ‘ಈಗ ನಾನು ಏನಂದೆ?’ ಅವರು ಅಂದದ್ದನ್ನು ನಾನು ಹೇಳುವೆ. ಸರಿಯಾಗಿ ಹೇಳುವೆ. ಅವರ ಮಾತನ್ನು ನನ್ನಷ್ಟು ಸರಿಯಾಗಿ ಹೇಳುವವರು ಬೇರೆ ಯಾರಿದ್ದರು?

ಶಿವಮೊಗ್ಗದ ಒಬ್ಬ ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆಗೂ ಹೋದರು. ಕಾರು ಓಡಿಸಿದ್ದು ನಾನು. ಹೊರಗೆ ಬೆಂಚಿನ ಮೇಲೆ ಅವರ ಚೀಲ ಹಿಡಿದು ಕೂತದ್ದು ನಾನು. ಏನೂ ತೊಂದರೆಯಿಲ್ಲ ಅಂದರಂತೆ. ನಾನು ದೊಡ್ಡ ಉಸಿರು ಬಿಟ್ಟೆ — ಇನ್ನು ಮುಗಿಯಿತು, ಇನ್ನು ಬಿಟ್ಟುಬಿಡುತ್ತಾರೆ. ಮೇಡಂ ಕಾರಿನಲ್ಲಿ ಕೂತು ಅಂದರು: ‘ಕಾಯಿಲೆ ಇದ್ದಿದ್ರೆ ಒಂದು ಕಾರಣ ಸಿಕ್ತಿತ್ತು. ಈಗ, ಪೂರ್ತಿ ಎಚ್ಚರದಲ್ಲೇ ಹೇಳಿದೆ ಅಂತಾಯ್ತು.’

ಸಾಗರ ತಲುಪುವವರೆಗೆ ಬಾಯಿ ತೆರೆಯಲು ಎಷ್ಟು ಜಾಗ ಇತ್ತು. ಎಷ್ಟು ತಿರುವು.

ಅವರ ಪುಸ್ತಕ ಬಂತು, ಹೊಳವಿನ ಅಧ್ಯಾಯವಿಲ್ಲದೆ. ಮುನ್ನುಡಿಯಲ್ಲಿ ಒಂದು ಸಾಲು: ಘಟ್ಟದ ಅಂಚಿನ ಮುಖ್ಯ ದಾಖಲೆಯೊಂದು ‘ಲೇಖಕಿಯ ಅಜಾಗರೂಕತೆಯಿಂದ’ ನಷ್ಟವಾಯಿತು. ಅಚ್ಚಾಗಿ ಹೋಯಿತು. ಅದರ ಮೇಲೆ ಯಾರು ಗೆರೆ ಎಳೆಯುತ್ತಾರೆ ಈಗ?

ನನಗೇನಾಯಿತು ಅಂತ ಹೇಳಿಕೊಳ್ಳಲು ನಾಚಿಕೆ. ಆದರೂ ಹೇಳುತ್ತೇನೆ. ಅವರ ಧ್ವನಿ ನನ್ನನ್ನು ಬಿಡಲಿಲ್ಲ. ನಾನು ಕರೆಯದೆಯೂ ಬರತೊಡಗಿತು. ಹೆಲ್ಮೆಟ್ ಹಾಕಿಕೊಂಡು ಹುಲಿಕಲ್ ಕಡೆ ಹೋಗುವಾಗ, ಒಳಗೆ, ನನ್ನ ಉಸಿರಿಗಿಂತ ಹತ್ತಿರದಲ್ಲಿ — ‘ನೋಡಿ...’ ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿದರೆ ಅದು ಅವರ ಕೆಮ್ಮು. ಅಂಗಡಿಯಲ್ಲಿ ‘ಚಿಲ್ಲರೆ ಇದೆಯಾ’ ಅಂದರೆ ಕೊನೆಯ ಅಕ್ಷರಕ್ಕೆ ಮೊದಲೇ ಉಸಿರು ಮುಗಿಯುತ್ತದೆ. ಒಮ್ಮೆ ನಮ್ಮಮ್ಮ ಅಡುಗೆಮನೆಯಿಂದ ಕೂಗಿದಳು, ‘ಯಾರೋ ಅದು ಬಂದಿರೋ ಹೆಂಗ್ಸು?’ ಜಗುಲಿಯಲ್ಲಿ ನಾನೊಬ್ಬನೇ ಇದ್ದೆ. ಫೋನಿನಲ್ಲಿ ನಾಳೆ ಬರುತ್ತೇನೆ ಅಂತ ಯಾರಿಗೋ ಹೇಳುತ್ತಿದ್ದೆ. ‘ಖಂಡಿತ’ ಅಂದಿದ್ದೆನಂತೆ.

ಮದುವೆಮನೆಗಳಲ್ಲಿ ಮಿಮಿಕ್ರಿ ಮಾಡು ಅಂದರೆ ಕುಕ್ಕರು, ಬಸ್ಸು, ಕಪ್ಪೆ — ಮನುಷ್ಯರನ್ನು ಬಿಟ್ಟೆ.

ಈ ವರ್ಷ ಮೇಡಂ, ನಿವೃತ್ತಿಗೆ ಇನ್ನೂ ಸಮಯ ಇದ್ದರೂ, ಕೆಲಸ ಬಿಟ್ಟರು. ಸಾಗರದಲ್ಲಿ ಮಳೆ ಅಳೆಯುವವರೆಲ್ಲ ಸೇರಿ ಸಣ್ಣದೊಂದು ಬೀಳ್ಕೊಡುಗೆ ಇಟ್ಟುಕೊಂಡೆವು. ಅವರು ಚೀಟಿಯಲ್ಲಿ ಬರೆದು ತಂದಿದ್ದನ್ನು ಓದಿದರು. ‘ನನ್ನ ನಂತರ ಬರುವವರಿಗೆ ಒಂದೇ ಮಾತು. ನಾನು ಒಮ್ಮೆ ಖಂಡಿತ ಅಂದೆ. ನೀವು ಅನ್ನಬೇಡಿ.’ ಹೊಸದಾಗಿ ಸೇರಿದ ಇಬ್ಬರು ವಿದ್ಯಾರ್ಥಿಗಳು ಅದನ್ನು ಬರೆದುಕೊಂಡರು. ಅವರು ಬರೆದುಕೊಳ್ಳುವುದನ್ನು ನೋಡಿ ನಾನು ಎದ್ದು ಹೊರಗೆ ಬಂದೆ.

ಮಾರನೇ ದಿನ ಮೊದಲು ಮೇಷ್ಟ್ರ ಮನೆಗೆ ಹೋದೆ. ಮೇಡಂ ಹತ್ತಿರ ಮೊದಲು ಹೋಗಬೇಕಿತ್ತು — ನನಗೇ ಗೊತ್ತಿತ್ತು. ಮೇಷ್ಟ್ರು ಎಲ್ಲವನ್ನೂ ಕೇಳಿದರು. ಹೊಸ ಪುಸ್ತಕದಲ್ಲಿ ಅವತ್ತಿನ ಅಂಕಿ ಬರೆಯುತ್ತಿದ್ದವರು ಪೆನ್ನಿನ ಮುಚ್ಚಳ ಹಾಕಿದರು.

‘ನನ್ನ ಹತ್ರ ಯಾಕೆ ಬಂದೆ ಮೊದ್ಲು? ಸುಲಭ ಅಂತ್ಲಾ?’

ಸರೋಜಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಸಿಟ್ಟು ಬಂದದ್ದು ಬೇರೆ ಯಾವುದಕ್ಕೋ. ‘ಆ ಅಮ್ಮ ಇಲ್ಲಿ ನೆಲದ್ ಮೇಲೆ ಕೂತು ಕೈ ಮುಗೀತಿದ್ರಲ್ಲೋ. ನೀನು ಕಾಫಿ ಕುಡ್ದೆ. ಎರಡು ಲೋಟ ಕುಡ್ದೆ. ಹಲಸಿನ ಹಪ್ಳ ಬೇರೆ ತಿಂದೆ.’ ಅದೂ ನಿಜ. ತಿಂದಿದ್ದೆ.

ಮೇಷ್ಟ್ರು ಎದ್ದರು. ‘ನನ್ ಪುಸ್ತಕ ಹೋದ್ರೆ ಹೋಯ್ತು ಮಾರಾಯ, ನಾಳೆ ಮತ್ತೆ ಅಳೀತೀನಿ. ಆ ಹೆಣ್ಮಗಳು ಎಂತ ಅಳೀಬೇಕು? ಹೋಗು. ಕಾಫಿ ಕೊಡಲ್ಲ ಇವತ್ತು.’

ಅಲ್ಲಿಂದ ಸೀದಾ ಸಾಗರಕ್ಕೆ ಬಂದೆ. ಮೇಡಂ ಬಾಡಿಗೆಯ ಮಹಡಿಮನೆಯಲ್ಲಿ ಪುಸ್ತಕಗಳನ್ನು ಡಬ್ಬಗಳಿಂದ ತೆಗೆದು ಜೋಡಿಸುತ್ತಿದ್ದರು. ನನ್ನನ್ನು ನೋಡಿ ಸಂತೋಷಪಟ್ಟರು — ಅದೊಂದು ಬೇರೆ ಶಿಕ್ಷೆ. ಕೂರದೆ ನಿಂತೇ ಹೇಳಿದೆ. ಆಡಿಯೋ, ಗುಂಪು, ಬಸ್‌ಸ್ಟ್ಯಾಂಡು, ಶನಿವಾರ. ನಡುವೆ ಎಲ್ಲೂ ‘ಆದರೆ’ ಅನ್ನಬಾರದು ಅಂತ ದಾರಿಯಲ್ಲಿ ನಿಶ್ಚಯ ಮಾಡಿಕೊಂಡಿದ್ದೆ. ಎರಡು ಸಲ ಅಂದೆ.

ಅವರು ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿಗೆ ಸೇರಿಸಲಿಲ್ಲ, ಕೆಳಗೂ ಇಡಲಿಲ್ಲ. ಮೇಜಿನ ಮೇಲೆ ಆ ಸಣ್ಣ ಪುಸ್ತಕ ಇತ್ತು, ಯಾರಿಗೆ ಏನು ಹೇಳಿದೆ ಅಂತ ಬರೆಯುವುದು. ಅದರ ಕಡೆ ಒಮ್ಮೆ ನೋಡಿದರು.

‘ಶಿವಮೊಗ್ಗದ ಡಾಕ್ಟರ ಹತ್ರ ನನ್ನ ಕರ್ಕೊಂಡು ಹೋದವನೂ ನೀನೇ ಅಲ್ವಾ?’

‘ಹೌದು ಮೇಡಂ.’

‘ವಾಪಸ್ ಬರುವಾಗ ಆಯನೂರಿನಲ್ಲಿ ನನಗೆ ಎಳನೀರು ಕೊಡಿಸಿದ್ದೆ.’

‘ಹೌದು ಮೇಡಂ.’

ಅವರು ನಂಬುತ್ತಿಲ್ಲವೇನೋ, ತಮಗೆ ಸಮಾಧಾನವಾಗಲಿ ಅಂತ ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡರೇನೋ ಅಂತ ನನಗನ್ನಿಸಿತು. ನನ್ನಂಥ ದಡ್ಡನಿಗೆ ಮಾತ್ರ ಹಾಗನ್ನಿಸಲು ಸಾಧ್ಯ. ಗಂಟಲು ಸರಿಮಾಡಿಕೊಂಡು ಹೇಳಿದೆ — ‘ಬೇಕಿದ್ರೆ ಈಗ್ಲೇ ನಿಮ್ಮ ಧ್ವನೀಲಿ ಮಾಡಿ ತೋರಿಸ್ತೀನಿ ಮೇಡಂ. ನಿಮಗೆ ನಂಬಿಕೆ ಬರತ್ತೆ.’

ಅವರು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟರು. ಕೆಮ್ಮಲಿಲ್ಲ. ‘ನೋಡಿ’ ಅನ್ನಲಿಲ್ಲ.

‘ನನ್ನ ಧ್ವನಿ ಬಿಡು, ಅದು ನಿನಗೆ ಬರತ್ತೆ. ಅವತ್ತು ಒದ್ದೆ ಕೊಡೆ ಹಿಡ್ಕೊಂಡು ‘ಸಾಗರದ ಸಭೆಯಲ್ಲಿ ಇರಬಹುದು ಮೇಡಂ’ ಅಂದನಲ್ಲ, ಒಬ್ಬ — ಅವನದ್ದು ಮಾಡಿ ತೋರಿಸು.’